ನಾವು ಆರಿಸದ ವಾಕ್ಯ: ಮನೆಯ ಪ್ರಾರ್ಥನೆಗೆ ದಿನದ ವಾಚನಗಳು



ನಮ್ಮ ಅನೇಕ ಕಥೋಲಿಕ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಇಂದಿಗೂ ತಪ್ಪಿಲ್ಲ. ಕೈಕಾಲು ತೊಳೆದು, ಮೇಣದ ಬತ್ತಿ ಹಚ್ಚಿ, ಜಪಸರ ಹೇಳಿ, ಕೊನೆಯಲ್ಲಿ ಮನೆಯ ಬೇಡಿಕೆಗಳನ್ನು ಒಂದೊಂದಾಗಿ ದೇವರ ಮುಂದಿಡುತ್ತೇವೆ. ಮಗಳ ಪರೀಕ್ಷೆ, ಅಜ್ಜಿಯ ಮಂಡಿನೋವು, ಸೊಸೈಟಿಯ ಸಾಲ, ಅಡಿಕೆಯ ಧಾರಣೆ - ಎಲ್ಲವೂ ಅಲ್ಲಿ ಬರುತ್ತವೆ. ಬರಲೇಬೇಕು. ತಂದೆಯ ಮುಂದೆ ಹೇಳದೆ ಮಕ್ಕಳು ಇನ್ನಾರ ಮುಂದೆ ಹೇಳಿಯಾರು?

ಆದರೆ ಮನೆಗೆ ಹಿರಿಯರೊಬ್ಬರು ಬಂದಾಗ ನಾವೇ ಮಾತನಾಡುತ್ತಾ ಹೋಗಿ, ಅವರಿಗೆ ಬಾಯಿ ತೆರೆಯಲೂ ಎಡೆ ಕೊಡದೆ, ಕಾಫಿ ಕುಡಿಸಿ ಕಳುಹಿಸಿಬಿಟ್ಟರೆ ಹೇಗಿರುತ್ತದೆ? ನಮ್ಮ ಎಷ್ಟೋ ಸಂಜೆಗಳ ಪ್ರಾರ್ಥನೆ ಹೀಗೆಯೇ ಮುಗಿಯುತ್ತದೆ. ನಾವು ಹೇಳಿದ್ದಾಯಿತು, ದೇವರು ಹೇಳುವುದು ಯಾವಾಗ? ಈ ಪ್ರಶ್ನೆಗೆ ಧರ್ಮಸಭೆ ಕೊಟ್ಟಿರುವ ಉತ್ತರ ಬಹಳ ಸರಳವಾದದ್ದು: ಆ ದಿನದ ಬಲಿಪೂಜೆಗೆ ನೇಮಿಸಿದ ವಾಚನಗಳು. ಅವನ್ನು ಮನೆಯಲ್ಲಿ ಓದಿ ಪ್ರಾರ್ಥಿಸುವ ಬಗೆಯನ್ನು ಈ ವಾರ ಅಭ್ಯಾಸ ಮಾಡೋಣ.

ಬಡಿಸಿದ ಎಲೆ

ಮದುವೆಯ ಪಂಕ್ತಿಯಲ್ಲಿ ಕುಳಿತವನು ತನಗೆ ಪಾಯಸವೊಂದೇ ಸಾಕು ಎನ್ನುವುದಿಲ್ಲ. ಎಲೆಗೆ ಬಿದ್ದ ಹಾಗಲಕಾಯಿ ಗೊಜ್ಜೂ ಅವನ ಊಟದ ಭಾಗವೇ. ದೇವರ ವಾಕ್ಯದ ವಿಷಯದಲ್ಲಿ ಮಾತ್ರ ನಾವು ಪಾಯಸವನ್ನೇ ಹುಡುಕುತ್ತೇವೆ. ಕಷ್ಟ ಬಂದಾಗ ಬೈಬಲ್ ತೆರೆದು ಸಮಾಧಾನದ ಮಾತೊಂದನ್ನು ಆರಿಸಿಕೊಳ್ಳುತ್ತೇವೆ. ಕೆಲವರು ಕಣ್ಣು ಮುಚ್ಚಿ ಪುಟ ತಿರುವಿ, ಬೆರಳಿಟ್ಟ ಕಡೆ ಬಂದದ್ದನ್ನು ದೇವರ ಉತ್ತರವೆಂದು ತಿಳಿಯುತ್ತಾರೆ. ಬಂದ ಮಾತು ಹಿಡಿಸದಿದ್ದರೆ ಮತ್ತೊಮ್ಮೆ ಬೆರಳಿಡುತ್ತಾರೆ!

1963ರ ಡಿಸೆಂಬರ್ 4ರಂದು ಪ್ರಕಟವಾದ ದೈವಾರಾಧನೆಯ ಶಾಸನದಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ವಿಶ್ವಾಸಿಗಳಿಗೆ ದೇವರ ವಾಕ್ಯದ ಭೋಜನವನ್ನು ಇನ್ನಷ್ಟು ಸಮೃದ್ಧವಾಗಿ ಬಡಿಸಬೇಕೆಂದು ಕೇಳಿಕೊಂಡಿತು. ಅದರ ಫಲವಾಗಿ 1969ರಲ್ಲಿ ಹೊಸ ವಾಚನಕ್ರಮ ಬಂತು. ಅದಕ್ಕೆ ಮೊದಲು ಒಂದೇ ವರ್ಷದ ವಾಚನಗಳು ಪ್ರತಿ ವರ್ಷವೂ ಮರಳಿ ಬರುತ್ತಿದ್ದವು. ಈಗ ಭಾನುವಾರಗಳಿಗೆ ಮೂರು ವರ್ಷದ ಚಕ್ರವಿದೆ. 'ಎ' ವರ್ಷದಲ್ಲಿ ಮತ್ತಾಯನ, 'ಬಿ' ವರ್ಷದಲ್ಲಿ ಮಾರ್ಕನ, 'ಸಿ' ವರ್ಷದಲ್ಲಿ ಲೂಕನ ಶುಭಸಂದೇಶ ಮುಖ್ಯವಾಗಿ ಬರುತ್ತದೆ. ಯೊವಾನ್ನನ ಶುಭಸಂದೇಶ ತಪಸ್ಸುಕಾಲ ಮತ್ತು ಪಾಸ್ಖಕಾಲದಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ವರ್ಷದ ಅಂಕಿ ಮೂರರಿಂದ ನಿಶ್ಶೇಷವಾಗಿ ಭಾಗವಾದರೆ ಅದು 'ಸಿ' ವರ್ಷ, 2025 ಅಂಥದ್ದು. ಆದರೆ ದೈವಾರಾಧನೆಯ ವರ್ಷ ಜನವರಿಯಲ್ಲಿ ಅಲ್ಲ, ಹಿಂದಿನ ಆಗಮನಕಾಲದ ಮೊದಲ ಭಾನುವಾರವೇ ಆರಂಭವಾಗುತ್ತದೆ ಎಂಬುದನ್ನು ಮರೆಯಬಾರದು.

ಸಾಧಾರಣ ಕಾಲದ ವಾರದ ದಿನಗಳಲ್ಲಿ ಮೊದಲನೆಯ ವಾಚನಕ್ಕೆ ಎರಡು ವರ್ಷದ ಸರದಿ ಇದೆ: ಬೆಸ ವರ್ಷಕ್ಕೆ ಒಂದು, ಸಮ ವರ್ಷಕ್ಕೆ ಇನ್ನೊಂದು. ಶುಭಸಂದೇಶ ಮಾತ್ರ ಪ್ರತಿ ವರ್ಷವೂ ಒಂದೇ. 1ರಿಂದ 9ನೆಯ ವಾರದವರೆಗೆ ಮಾರ್ಕ, 10ರಿಂದ 21ರವರೆಗೆ ಮತ್ತಾಯ, 22ರಿಂದ 34ರವರೆಗೆ ಲೂಕ. ತಪಸ್ಸುಕಾಲದ ವಾರದ ದಿನಗಳಿಗೆ ಪ್ರತ್ಯೇಕವಾಗಿ ಆರಿಸಿದ ವಾಚನಗಳಿವೆ. ಅವು ಪ್ರತಿ ವರ್ಷವೂ ಹಾಗೆಯೇ ಬರುತ್ತವೆ.

ಈ ಲೆಕ್ಕವನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ತಿಳಿಯಬೇಕಾದದ್ದು ಇಷ್ಟೇ: ದಿನದ ವಾಚನವನ್ನು ನಾನು ಆರಿಸಿಲ್ಲ, ನನ್ನ ಗುರುಗಳೂ ತಮ್ಮ ಮನಸ್ಸಿಗೆ ಬಂದಂತೆ ಆರಿಸಿಲ್ಲ. ಅದು ನಮಗೆ ಕೊಡಲಾದದ್ದು. ಹಾಗೆ ಕೊಡಲಾದದ್ದರಿಂದಲೇ, ನಾವಾಗಿ ಎಂದೂ ಹುಡುಕಿಕೊಂಡು ಹೋಗದ ಮಾತನ್ನು ಅದು ನಮಗೆ ಹೇಳಬಲ್ಲದು.

ಬರದ ವರ್ಷದ ಒಂದು ವಾರ

ಇದು ಹೇಗೆಂದು ಒಂದು ವಾರವನ್ನೇ ತೆಗೆದುಕೊಂಡು ನೋಡೋಣ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರು ಬೋರು ಬತ್ತಿ, ಟ್ಯಾಂಕರ್ ನೀರನ್ನು ಹಣ ಕೊಟ್ಟು ತರಿಸಿ ತೋಟ ಉಳಿಸಿಕೊಳ್ಳಲು ಹೆಣಗಿದರು. ಆ ವರ್ಷದ ತಪಸ್ಸುಕಾಲ 2024ರ ಫೆಬ್ರವರಿ 14ರ ವಿಭೂತಿ ಬುಧವಾರದಂದು ಆರಂಭವಾಯಿತು.

ಉಬ್ರಾಣಿಯ ಕಡೆಯ ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಅಣ್ಣತಮ್ಮಂದಿರು ಭಾಗವಾಗಿದ್ದಾರೆ. ನೀರಿರುವ ಬೋರು ಅಣ್ಣನ ಪಾಲಿಗೆ ಬಂದಿದೆ. ತಮ್ಮನ ಬೋರು ಬತ್ತಿದೆ. ಅವನ ತೋಟದಲ್ಲಿ ಗರಿ ಜೋತುಬಿದ್ದು ಹಿಂಗಾರ ಒಣಗುತ್ತಿದೆ. ಅಣ್ಣನ ಬೋರಿನಲ್ಲೂ ನೀರು ಇಳಿಯುತ್ತಿದೆ. ಹಳೆಯ ಮಾತಿಗೆ ಹೊಸ ಮಾತು ಬೆಳೆದು ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿದೆ. ಧರ್ಮಕೇಂದ್ರದ ದೇವಾಲಯ ದೂರ. ದಿನವೂ ಪೂಜೆಗೆ ಹೋಗಲಾಗದು. ಅಣ್ಣ ಸಂಜೆ ಹೆಂಡತಿ ಮಕ್ಕಳೊಡನೆ ಕುಳಿತು ದಿನದ ವಾಚನ ಓದಲು ತೀರ್ಮಾನಿಸಿದ್ದಾನೆ. ಅವನ ಮನಸ್ಸಿನಲ್ಲಿರುವುದು ಒಂದೇ ಪ್ರಾರ್ಥನೆ: ಸ್ವಾಮಿ, ಮಳೆ ಕೊಡು.

ಸೋಮವಾರ, ಫೆಬ್ರವರಿ 19. ಮೊದಲನೆಯ ವಾಚನ ಯಾಜಕಕಾಂಡ 19ರಿಂದ. ಕೂಲಿಯಾಳಿನ ಕೂಲಿಯನ್ನು ಬೆಳಗಾಗುವವರೆಗೆ ಇಟ್ಟುಕೊಳ್ಳಬೇಡ, ಸೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ ಎಂದು ಅದು ಆಜ್ಞಾಪಿಸುತ್ತದೆ. ಶುಭಸಂದೇಶ ಮತ್ತಾಯ 25ರ ಅಂತಿಮ ತೀರ್ಪು. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ಕೊಟ್ಟದ್ದು ತಮಗೇ ಕೊಟ್ಟದ್ದೆಂದು ಪ್ರಭು ಹೇಳುತ್ತಾರೆ. ನೀರು ಎಂಬ ಮಾತು ಬಂದಾಗ ಅಣ್ಣ ತಲೆಯೆತ್ತುತ್ತಾನೆ. ಆದರೆ ಅವನು ಬೇಡುತ್ತಿದ್ದ ನೀರಿನ ಮಾತಲ್ಲ ಅದು.

ಮಂಗಳವಾರ, ಫೆಬ್ರವರಿ 20. ಯೆಶಾಯ 55:10-11. ಆಕಾಶದಿಂದ ಬಿದ್ದ ಮಳೆ ನೆಲವನ್ನು ನೆನೆಸಿ, ಚಿಗುರಿಸಿ, ಬಿತ್ತುವವನಿಗೆ ಬೀಜವನ್ನೂ ಉಣ್ಣುವವನಿಗೆ ಅನ್ನವನ್ನೂ ಕೊಡದೆ ಹಿಂದಿರುಗದು. ದೇವರ ಬಾಯಿಂದ ಹೊರಟ ವಾಕ್ಯವೂ ಹಾಗೆಯೇ ಎನ್ನುತ್ತಾನೆ ಪ್ರವಾದಿ. ಬರದ ವರ್ಷದಲ್ಲಿ ಇದನ್ನು ಓದುವುದು ಸುಲಭವಲ್ಲ. "ಮಳೆಯೇ ಬಂದಿಲ್ಲವಲ್ಲ" ಎಂದು ಓದುವವನ ಎದೆ ಕೇಳುತ್ತದೆ. ಆ ಪ್ರಶ್ನೆಯನ್ನು ನುಂಗಿಕೊಳ್ಳಬೇಕಾಗಿಲ್ಲ. ಅದನ್ನೇ ದೇವರಿಗೆ ಹೇಳಿದರೆ ಅದೂ ಪ್ರಾರ್ಥನೆಯೇ. ಕೀರ್ತನೆಗಳ ಗ್ರಂಥದ ತುಂಬ ಇಂಥ ದೂರುಗಳಿವೆ. ಬರ ದೇವರ ಶಿಕ್ಷೆಯೆಂದು ಈ ವಾಚನ ಹೇಳುವುದಿಲ್ಲ. ನಾಳೆಯೇ ಮಳೆ ಬರುವುದೆಂಬ ಭರವಸೆಯನ್ನೂ ಕೊಡುವುದಿಲ್ಲ. ಪ್ರವಾದಿಯ ಈ ಮಾತನ್ನು ಮೊದಲು ಕೇಳಿದವರು ಊರು ಕಳೆದುಕೊಂಡು ಬಾಬಿಲೋನಿನ ಸೆರೆಯಲ್ಲಿದ್ದವರು. ಅವರ ಕಣ್ಣಿಗೂ ಹಸಿರು ಕಂಡಿರಲಿಲ್ಲ. ಕಾಣದ ಕಡೆ, ಮಣ್ಣಿನೊಳಗಿನ ತೇವದಂತೆ, ವಾಕ್ಯ ತನ್ನ ಕೆಲಸ ಮಾಡುತ್ತದೆ ಎಂಬುದೇ ಅವರಿಗೆ ಸಿಕ್ಕ ಆಧಾರ.

ಅದೇ ಮಂಗಳವಾರದ ಶುಭಸಂದೇಶ ಮತ್ತಾಯ 6:7-15, ಪ್ರಭು ಕಲಿಸಿದ ಪ್ರಾರ್ಥನೆ. ಅಲ್ಲಿ ಕೇಳುವುದು 'ನನ್ನ' ಅನ್ನವನ್ನಲ್ಲ, 'ನಮ್ಮ' ಅನ್ನವನ್ನು. ಈ 'ನಮ್ಮ' ಎಂಬ ಮಾತು ಬೇಲಿಯ ಎಷ್ಟು ದೂರದವರೆಗೆ ಹೋಗುತ್ತದೆ? ಪ್ರಾರ್ಥನೆಯನ್ನು ಕಲಿಸಿ ಮುಗಿಸಿದ ಮೇಲೆ ಯೇಸುಸ್ವಾಮಿ ಅದರ ಒಂದೇ ಒಂದು ಬೇಡಿಕೆಗೆ ವಿವರಣೆ ಕೊಡುತ್ತಾರೆ: ನೀವು ಇತರರನ್ನು ಕ್ಷಮಿಸದಿದ್ದರೆ ತಂದೆ ನಿಮ್ಮನ್ನು ಕ್ಷಮಿಸರು. ಮಳೆ ಕೇಳಲು ಕುಳಿತವನ ಕೈಗೆ ತಮ್ಮನ ಹೆಸರು ಬಂದು ಬಿದ್ದಂತಾಯಿತು.

ಬುಧವಾರ ಯೋನನ ಮಾತಿಗೆ ನಿನೆವೆ ಪಟ್ಟಣವೇ ಮನಸ್ಸು ತಿರುಗಿಸಿದ ಕಥೆ. ಅರಸನೇ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕುಳಿತ. ದೊಡ್ಡವನೇ ಮೊದಲು ಇಳಿಯಬೇಕಾಗುತ್ತದೆ ಎಂಬುದನ್ನು ಮನೆಯ ಹಿರಿಯ ಗಮನಿಸಲಿ.

ಗುರುವಾರದ್ದು ವಿಶೇಷ. ತಪಸ್ಸುಕಾಲದ ಮೊದಲ ವಾರದ ಗುರುವಾರ ಎಸ್ತೇರ್ ರಾಣಿಯ ಪ್ರಾರ್ಥನೆಯೂ, ಬೇಡಿದವರಿಗೆ ದೊರಕುವುದೆಂಬ ಮತ್ತಾಯ 7ರ ವಾಚನವೂ ಬರಬೇಕು. ಅಣ್ಣ ಕಾಯುತ್ತಿದ್ದ ಮಾತು ಅದೇ ಅಲ್ಲವೇ? ಆದರೆ 2024ರಲ್ಲಿ ಆ ಗುರುವಾರ ಫೆಬ್ರವರಿ 22 ಆಗಿತ್ತು. ಸಂತ ಪೇತ್ರರ ಪೀಠದ ಹಬ್ಬ. ಹಬ್ಬದ ವಾಚನಗಳೇ ಬಂದವು. ಬೇಡಿಕೆಗೆ ಉತ್ತರ ಹುಡುಕಿದವನಿಗೆ ಪ್ರಭುವಿನ ಪ್ರಶ್ನೆಯೊಂದು ಎದುರಾಯಿತು: ನೀವು ನನ್ನನ್ನು ಯಾರೆಂದು ಹೇಳುತ್ತೀರಿ? (ಮತ್ತಾಯ 16:15). ಯೇಸು ನನ್ನ ಬೇಡಿಕೆ ಪೂರೈಸುವವರು ಮಾತ್ರವೋ, ನನ್ನ ಬಾಳಿನ ಒಡೆಯರೋ?

ಶುಕ್ರವಾರ, ಫೆಬ್ರವರಿ 23. ಮತ್ತಾಯ 5:20-26. ಕಾಣಿಕೆ ಅರ್ಪಿಸಲು ಬಂದಾಗ ಸೋದರನಿಗೆ ನಿನ್ನ ಮೇಲೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗು ಎನ್ನುತ್ತಾರೆ ಪ್ರಭು. ಗಮನಿಸಿ: ನಿನಗೆ ಅವನ ಮೇಲೆ ಕೋಪವಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎಂದು! "ತಪ್ಪು ಅವನದು, ಅವನೇ ಬರಲಿ" ಎಂಬ ನಮ್ಮ ಊರಿನ ನ್ಯಾಯಕ್ಕೆ ಇಲ್ಲಿ ಎಡೆಯೇ ಇಲ್ಲ.

ಶನಿವಾರ, ಫೆಬ್ರವರಿ 24. ಮತ್ತಾಯ 5:43-48. ಶತ್ರುಗಳನ್ನು ಪ್ರೀತಿಸಿರಿ ಎಂದ ಯೇಸುಸ್ವಾಮಿ ಅದಕ್ಕೆ ಕೊಡುವ ಕಾರಣವೇನು? ತಂದೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾರೆ. ಮಳೆಯ ಮಾತು ಮತ್ತೆ ಬಂತು. ಮಂಗಳವಾರ ಮಳೆ ದೇವರ ವಾಕ್ಯಕ್ಕೆ ಹೋಲಿಕೆಯಾಗಿತ್ತು. ಶನಿವಾರ ದೇವರ ಮನಸ್ಸಿಗೇ ಹೋಲಿಕೆಯಾಯಿತು. ಬೇಲಿ ನೋಡಿ ಸುರಿಯುವ ಮಳೆಯನ್ನು ಯಾರೂ ಕಂಡಿಲ್ಲ. ಬೇಲಿ ನೋಡಿ ಹರಿಯುವುದು ನಮ್ಮ ಪೈಪಿನ ನೀರು ಮಾತ್ರ.

ಮರುದಿನ ತಪಸ್ಸುಕಾಲದ ಎರಡನೆಯ ಭಾನುವಾರ. ಬೆಟ್ಟದ ಮೇಲೆ ಮೋಡದೊಳಗಿಂದ ತಂದೆಯ ವಾಣಿ ಶಿಷ್ಯರಿಗೆ ಹೇಳಿದ್ದು ಒಂದೇ ಅಪ್ಪಣೆ: ಈತನಿಗೆ ಕಿವಿಗೊಡಿ (ಮಾರ್ಕ 9:7).

ಪ್ರಿಯರೇ, ಆ ಅಣ್ಣ ತಾನೇ ವಾಚನ ಆರಿಸಿಕೊಂಡಿದ್ದರೆ ಏನನ್ನು ಆರಿಸುತ್ತಿದ್ದ? ಬೇಡಿರಿ, ನಿಮಗೆ ದೊರಕುವುದು ಎಂಬುದನ್ನು. ಅದು ಸತ್ಯವಾಕ್ಯವೇ. ಆದರೆ ಅದೊಂದನ್ನೇ ಓದಿ ಎದ್ದಿದ್ದರೆ ಶುಕ್ರವಾರದ ಮಾತು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ವಾಚನ ಓದಿದ್ದರಿಂದ ಬೋರಿನಲ್ಲಿ ನೀರು ಏರುವುದಿಲ್ಲ. ಇದ್ದ ನೀರಿಗೆ ಸರದಿ ಹಾಕಿಕೊಳ್ಳೋಣವೆಂದು ತಮ್ಮನ ಬಾಗಿಲಿಗೆ ಹೋಗುವ ಮನಸ್ಸು ಮಾತ್ರ ಬರಬಹುದು. ವಾಕ್ಯ ಬರಿದಾಗಿ ಹಿಂದಿರುಗಲಿಲ್ಲ ಎನ್ನಲು ಅಷ್ಟು ಸಾಕಲ್ಲವೇ?

ತೂಬು ತೆರೆಯುವ ಬಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಅನೇಕರು ನೋಡಿದ್ದೀರಿ. ಕಣ್ಣು ಹಾಯುವಷ್ಟು ನೀರು. ಆದರೆ ತೂಬು ಎತ್ತಿ ಸಿದ್ಧನಾಲೆ, ಬಸವನಾಲೆಗಳಿಗೆ ನೀರು ಬಿಟ್ಟಾಗಲೇ ಕೆಳಗಿನ ಗದ್ದೆ ನೆನೆಯುವುದು. ಬೈಬಲ್ ಮನೆಯಲ್ಲಿದ್ದ ಮಾತ್ರಕ್ಕೆ ಮನಸ್ಸು ನೆನೆಯುವುದಿಲ್ಲ. ತೂಬು ತೆರೆಯಬೇಕು.

12ನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಮಠದ ಹಿರಿಯರಾಗಿದ್ದ ಎರಡನೆಯ ಗ್ವಿಗೊ ಎಂಬವರು ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ತೋರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಮನನವನ್ನು ಹಿಂದಿನ ಸನ್ಯಾಸಿಗಳು ಹಸುವಿನ ಮೆಲುಕಿಗೆ ಹೋಲಿಸುತ್ತಿದ್ದರು. ನಮ್ಮ ಕನ್ನಡದಲ್ಲೂ ನೆನಪನ್ನು 'ಮೆಲುಕು ಹಾಕುವುದು' ಎಂದೇ ಹೇಳುತ್ತೇವೆ. ಮಾತೆ ಮರಿಯಮ್ಮನವರೂ ಹೀಗೆಯೇ ಎಲ್ಲವನ್ನೂ ಹೃದಯದಲ್ಲಿಟ್ಟು ಮನನ ಮಾಡುತ್ತಿದ್ದರೆಂದು ಲೂಕನು ಬರೆಯುತ್ತಾನೆ (ಲೂಕ 2:19). ಮನೆಯಲ್ಲಿ ಕಾಲು ಗಂಟೆಯಲ್ಲಿ ಇದನ್ನು ಹೀಗೆ ಮಾಡಬಹುದು.

1. ಸಿದ್ಧತೆ: ಟಿ.ವಿ. ಆರಿಸಿ, ಮೊಬೈಲು ಬದಿಗಿಡಿ. ಶಿಲುಬೆಯ ಗುರುತು ಹಾಕಿ, ಪವಿತ್ರಾತ್ಮರನ್ನು ಪ್ರಾರ್ಥಿಸಿ.

2. ಓದು: ಶುಭಸಂದೇಶವನ್ನು ಒಬ್ಬರು ನಿಧಾನವಾಗಿ, ಗಟ್ಟಿಯಾಗಿ ಓದಲಿ. ಸ್ವಲ್ಪ ಬಿಟ್ಟು ಇನ್ನೊಬ್ಬರು ಅದನ್ನೇ ಮತ್ತೆ ಓದಲಿ. ಸಮಯವಿದ್ದರೆ ಮೊದಲನೆಯ ವಾಚನವನ್ನೂ ಓದಿ.

3. ಮನನ: ಮನಸ್ಸಿಗೆ ತಾಗಿದ ಒಂದು ಪದ ಅಥವಾ ಮಾತನ್ನು ಪ್ರತಿಯೊಬ್ಬರೂ ಹೇಳಲಿ. ವಿವರಣೆ ಬೇಡ, ಉಪದೇಶ ಬೇಡ. ಮುಖ್ಯವಾಗಿ, ಇನ್ನೊಬ್ಬರಿಗೆ ಬುದ್ಧಿ ಹೇಳಲು ವಾಕ್ಯವನ್ನು ಬಳಸಬೇಡಿ. "ನೋಡು, ನಿನಗೇ ಹೇಳಿದ್ದು" ಎಂದ ಕೂಡಲೇ ತೂಬು ಮುಚ್ಚಿಹೋಗುತ್ತದೆ.

4. ಪ್ರಾರ್ಥನೆ: ಈಗ ನಿಮ್ಮ ಬೇಡಿಕೆಗಳನ್ನು ಹೇಳಿ. ಮೊದಲು ಕೇಳಿಸಿಕೊಂಡು ಆಮೇಲೆ ಬೇಡುವಾಗ ನಮ್ಮ ಬೇಡಿಕೆಗಳೇ ಬದಲಾಗುತ್ತವೆ.

5. ಮೌನ: ಎರಡು ನಿಮಿಷ ಸುಮ್ಮನೆ ದೇವರ ಮುಂದೆ ಕುಳಿತಿರಿ. ಮಗು ಅತ್ತರೆ ಅಳಲಿ.

6. ಒಂದು ಕೆಲಸ: ನಾಳೆ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳಿ. ಕೇಳಿದ್ದನ್ನು ಮಾಡದವನು ಕನ್ನಡಿಯಲ್ಲಿ ಮುಖ ನೋಡಿ ಮರೆತುಬಿಡುವವನಂತೆ ಎಂದು ಯಕೋಬನು ಎಚ್ಚರಿಸುತ್ತಾನೆ (ಯಕೋಬ 1:22-24).

ಯೆಶಾಯನು ಹೇಳಿದ ಬೀಜವನ್ನೂ ಅನ್ನವನ್ನೂ ಇಲ್ಲಿ ನೆನೆಯಿರಿ. ಎಂಥ ಬರದಲ್ಲೂ ರೈತ ಬಿತ್ತನೆ ಬೀಜವನ್ನು ಬೇಯಿಸಿ ಉಣ್ಣುವುದಿಲ್ಲ. ದಿನದ ವಾಕ್ಯದಲ್ಲಿ ಕೆಲವು ಮಾತು ಇಂದಿನ ಹಸಿವಿಗೆ ಅನ್ನ. ಇನ್ನು ಕೆಲವು ಇಂದು ಅರ್ಥವಾಗುವುದೇ ಇಲ್ಲ, ಅವು ಬೀಜ. ಅವನ್ನು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಮುಂದೊಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಅದು ಮೊಳೆತೀತು.

ಕೆಲವು ಸಂದೇಹಗಳು

"ವಾಚನ ಯಾವುದೆಂದು ತಿಳಿಯುವುದು ಹೇಗೆ?" ದೈವಾರಾಧನೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಅಧ್ಯಾಯ, ವಚನಗಳ ಸಂಖ್ಯೆ ಇರುತ್ತದೆ. ನಿಮ್ಮ ಗುರುಗಳನ್ನು, ಕನ್ಯಾಸ್ತ್ರೀಯರನ್ನು ಕೇಳಿ ಬರೆದುಕೊಳ್ಳಿ. ಈಗ ಮೊಬೈಲಿನಲ್ಲೂ ವಾಚನಗಳು ಬರುತ್ತವೆ. ಆದರೆ ಬಂದದ್ದನ್ನು ಓದದೆ ಹತ್ತು ಜನರಿಗೆ ಕಳುಹಿಸಿದರೆ ಅದು ಅಂಚೆಯವನ ಕೆಲಸವಾಯಿತು, ಪ್ರಾರ್ಥನೆಯಾಗಲಿಲ್ಲ.

"ನಮ್ಮ ಅಮ್ಮನಿಗೆ ಓದು ಬಾರದು." ಓದು ಬಾರದಿದ್ದರೇನು, ಕಿವಿ ಇದೆಯಲ್ಲ? ವಿಶ್ವಾಸ ಹುಟ್ಟುವುದೇ ಕೇಳುವುದರಿಂದ ಎಂದು ಸಂತ ಪೌಲರು ಬರೆದರು (ರೋಮ 10:17). ಮೊಮ್ಮಗ ಓದಲಿ, ಅಜ್ಜಿ ಕೇಳಲಿ. ಮೆಲುಕು ಹಾಕುವುದರಲ್ಲಿ ಅಜ್ಜಿಯೇ ಎಲ್ಲರಿಗೂ ಗುರು.

"ಅರ್ಥವಾಗದ ಭಾಗ ಬಂದರೆ?" ಗುರುತು ಹಾಕಿಟ್ಟು ಭಾನುವಾರ ಗುರುಗಳನ್ನು ಕೇಳಿ. ನಮ್ಮ ಸಭಾಪಿತರು ದೇವರ ವಾಕ್ಯದ ಅಧ್ಯಯನಕ್ಕೆ ಕೊಟ್ಟ ಮಹತ್ವದ ಗುರುತಾಗಿ ಬೆಂಗಳೂರಿನಲ್ಲಿ 1967ರಲ್ಲೇ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಆರಂಭವಾಯಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ.

"ಜಪಸರ ಬಿಡಬೇಕೇ?" ಬೇಡ. ಜಪಸರದ ರಹಸ್ಯಗಳು ಬಹುಮಟ್ಟಿಗೆ ಶುಭಸಂದೇಶದಿಂದಲೇ ಬಂದವು. ದಿನದ ವಾಚನ ಕೇಳಿದ ಮನೆಯಲ್ಲಿ ಜಪಸರ ಇನ್ನಷ್ಟು ಜೀವಂತವಾಗುತ್ತದೆ.

"ಓದಿದರೂ ಏನೂ ಅನ್ನಿಸುವುದಿಲ್ಲ." ಅನ್ನಿಸಲೇಬೇಕೆಂದೇನೂ ಇಲ್ಲ. ದಿನವೂ ಉಂಡ ಊಟ ಹೇಗಿತ್ತೆಂದು ನಮಗೆ ನೆನಪಿರುವುದಿಲ್ಲ. ಆದರೆ ಅದರಿಂದಲೇ ಬದುಕಿದ್ದೇವೆ.

ಇನ್ನೊಂದು ಮಾತು. ನೀವು ಉಬ್ರಾಣಿಯ ಕಡೆ ಸಂಜೆ ಓದುವ ವಾಚನವನ್ನೇ ಬೆಂಗಳೂರಿನಲ್ಲಿ ಓದುವ ಮಗಳೂ, ಕೊಲ್ಲಿಯ ದೇಶದಲ್ಲಿ ದುಡಿಯುವ ಮಗನೂ ಆ ದಿನದ ಪೂಜೆಯಲ್ಲಿ ಕೇಳಬಹುದು. ವಾರಕ್ಕೊಮ್ಮೆ ಫೋನಿನಲ್ಲಿ "ಊಟ ಆಯಿತಾ?" ಎಂದು ಕೇಳುವಾಗ "ಇಂದಿನ ವಾಚನದಲ್ಲಿ ನಿನಗೆ ಏನು ತಾಗಿತು?" ಎಂದೂ ಕೇಳಿ ನೋಡಿ. ದೂರವಿರುವ ಕುಟುಂಬ ಒಂದೇ ಪಂಕ್ತಿಯಲ್ಲಿ ಕುಳಿತಂತೆ ಆಗುತ್ತದೆ.

ಮನನಕ್ಕೆ

ನಮ್ಮ ಮನೆಯ ಪ್ರಾರ್ಥನೆಯಲ್ಲಿ ದೇವರಿಗೆ ಮಾತನಾಡಲು ಎಷ್ಟು ನಿಮಿಷ ಕೊಡುತ್ತೇವೆ?

ಬೈಬಲಿನ ಯಾವ ಮಾತನ್ನು ನಾನು ಬೇಕೆಂದೇ ದಾಟಿ ಹೋಗುತ್ತೇನೆ?

'ನಮ್ಮ ಅನ್ನ' ಎಂದು ಪ್ರಾರ್ಥಿಸುವಾಗ ಯಾರ ಮನೆಯನ್ನು ಹೊರಗಿಟ್ಟಿದ್ದೇನೆ?

ಪ್ರಾರ್ಥನೆ

ಪ್ರಭುವೇ, ಒಣಗಿದ ನೆಲದ ಮೇಲೆ ಮಳೆಯಂತೆ ನಿಮ್ಮ ವಾಕ್ಯ ನಮ್ಮ ಮನೆಯ ಮೇಲೆ ಇಳಿಯಲಿ. ನಮಗೆ ಇಷ್ಟವಾದ ಮಾತನ್ನು ಮಾತ್ರವಲ್ಲ, ನಮಗೆ ಬೇಕಾದ ಮಾತನ್ನೂ ಕೇಳುವ ಕಿವಿ ಕೊಡಿ. ಕೇಳಿದ್ದನ್ನು ನಾಳೆ ಬೆಳಗಾಗುವಷ್ಟರಲ್ಲಿ ಮರೆಯದಂತೆ ಕಾಯಿರಿ. ಬೇಲಿಯ ಆಚೆಯವರನ್ನೂ 'ನಮ್ಮವರು' ಎನ್ನುವ ಮನಸ್ಸು ಕೊಡಿ. ನಿಮ್ಮ ಚಿತ್ತವಿದ್ದಾಗ, ನಮ್ಮ ಎಲ್ಲರ ತೋಟಗಳಿಗೂ ಮಳೆ ಕೊಡಿ. ಆಮೆನ್.